ಕೋವಿಗೆ ಕಟ್ಟಿದ ಚೀಟಿ

ಠಾಣೆಯ ಜಗಲಿಯ ಬೆಂಚಿನ ಮೇಲೆ ಒಂಬತ್ತು ಜನ ಕೂತಿದ್ದರು, ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಜಾಗ ಹಿಡಿದವರ ಹಾಗೆ ಒತ್ತೊತ್ತಾಗಿ. ಒಬ್ಬೊಬ್ಬರ ಮೊಣಕಾಲ ನಡುವೆಯೂ ಒಂದೊಂದು ಉದ್ದನೆಯ ಗಂಟು. ಒಂದಕ್ಕೆ ಗೋಣಿಚೀಲ ಸುತ್ತಿತ್ತು, ಒಂದಕ್ಕೆ ಹಳೇ ಪಂಚೆ. ಇನ್ನೊಬ್ಬರು ಮಗನ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ತುದಿಗೆ ಹೊಲಿಗೆ ಹಾಕಿ ಚೀಲ ಮಾಡಿಕೊಂಡಿದ್ದರು. ಇಸ್ತ್ರಿಯ ಗೆರೆ ಇನ್ನೂ ಹೋಗಿರಲಿಲ್ಲ. ಗೊತ್ತಿಲ್ಲದವರು ನೋಡಿದರೆ ಭಜನೆ ತಂಡವೊಂದು ತಂಬೂರಿ ಹಿಡಿದು ಬಸ್ಸಿಗೆ ಕಾಯುತ್ತಿದೆ ಅಂದುಕೊಳ್ಳಬೇಕು. ಹೆಗಲಿಗೆ ಟವೆಲ್ಲು, ಎದೆಯ ಕಿಸೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಲೈಸೆನ್ಸ್ ಪುಸ್ತಕ, ಬಾಯಲ್ಲಿ ಕವಳ. ಠಾಣೆಯ ಅಂಗಳದಲ್ಲಿ ಉಗುಳುವಂತಿಲ್ಲವಾದ್ದರಿಂದ ಮಾತು ಕಡಿಮೆ.

2024ರ ಮಾರ್ಚ್ ಕೊನೆಯ ವಾರ. 16ನೇ ತಾರೀಕು ಲೋಕಸಭಾ ಚುನಾವಣೆಯ ನೀತಿಸಂಹಿತೆ ಬಂದಿತ್ತು. ಅದರ ಬೆನ್ನಿಗೇ ಬೀಟ್ ಪೊಲೀಸರ ಬೈಕು ಊರೂರು ಸುತ್ತಿ, ಕೋವಿಯಿದ್ದ ಮನೆಗಳಿಗೆಲ್ಲ ನೋಟಿಸ್ ಹಂಚಿತ್ತು. ಹಿಂದಿನ ವರ್ಷ ವಿಧಾನಸಭೆ ಚುನಾವಣೆಗೂ ಹೀಗೇ, ಇದೇ ಕಾಲಕ್ಕೆ. ಸೋದರಮಾವನನ್ನು ಜೀಪಿನಲ್ಲಿ ಕರೆತಂದವನು ನಾನು. ಮಾವನಿಗೆ 71 ವರ್ಷ. ಕೋವಿ ಅವರಿಗಿಂತ ಹಿರಿದು. ಅದು ಅವರ ತಂದೆಯದು.

ಒಳಗೆ ಮೇಜಿನ ಹಿಂದೆ ಕೂತ ಕಾನ್‌ಸ್ಟೆಬಲ್ ವಿಜಯಪುರ ಕಡೆಯ ಹುಡುಗ. ಬಯಲುಸೀಮೆಯಿಂದ ಮಲೆನಾಡಿಗೆ ಬಂದು ಬಿದ್ದ ಬೇಸರವನ್ನು ತಮಾಷೆಯಲ್ಲಿ ಕಳೆಯುವವನು. ಮಾವ ಪಂಚೆ ಬಿಚ್ಚಿ ಕೋವಿ ಮೇಜಿನ ಮೇಲಿಟ್ಟರು.

“ಏನ್ರೀ ಯಜಮಾನ್ರ, ಕೋವಿ ತಂದೀರೋ, ಒನಕಿ ತಂದೀರೋ?”

“ಒನಕೆ ಆಗಿದ್ರೆ ಮನೇಲೇ ಇರ್ತಿತ್ತು ಸಾರ್. ಎಲೆಕ್ಷನ್ನಿಗೆ ಒನಕೆ ಕೇಳೂದಿಲ್ಲ ನೀವು.”

ನಳಿಗೆಯ ಮೇಲಿನ ನಂಬರು ಸವೆದುಹೋಗಿ ಕಾಣಿಸುತ್ತಿರಲಿಲ್ಲ. ಹುಡುಗ ಮೊಬೈಲಿನ ಬೆಳಕು ಬಿಟ್ಟು, ಕಣ್ಣು ಕಿರಿದು ಮಾಡಿ ಸೋತ. ಮಾವ ಸೊಂಟದ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಒಂದು ಗುಲಗಂಜಿಯಷ್ಟು ತೆಗೆದು ನಳಿಗೆಗೆ ಸವರಿ, ಟವೆಲಿನಲ್ಲಿ ಒರೆಸಿದರು. ತಗ್ಗಿನಲ್ಲಿ ಸುಣ್ಣ ಉಳಿದು ನಾಲ್ಕು ಅಂಕಿ ಬೆಳ್ಳಗೆ ಎದ್ದು ಬಂದವು. ಹುಡುಗ ಅವನ್ನು ರಿಜಿಸ್ಟರಿಗೆ ಇಳಿಸಿ, ಒಂದು ರಟ್ಟಿನ ಚೀಟಿಯಲ್ಲಿ ಹೆಸರು, ಊರು, ‘ಎಸ್‌ಬಿಎಂಎಲ್’ ಎಂದು ಬರೆದು, ಸೆಣಬಿನ ದಾರದಲ್ಲಿ ಕೋವಿಯ ಕುದುರೆಯ ಹತ್ತಿರ ಕಟ್ಟಿದ. ಒಂಟಿ ನಳಿಗೆ, ಬಾಯಿಯಿಂದ ಮದ್ದು ತುಂಬುವ ಕೋವಿ ಎಂಬುದಕ್ಕೆ ಸರ್ಕಾರದ ಗಿಡ್ಡ ಹೆಸರು ಅದು. ನಮ್ಮಲ್ಲಿ ಅದಕ್ಕೆ ಕೇಪಿನ ಕೋವಿ ಅಂತಲೇ ಹೆಸರು.

“ಒಂದಿಷ್ಟು ಎಣ್ಣೆ ಸವರಿ ಇಡಿ ಸಾರ್, ತುಕ್ಕು ಹಿಡೀತದೆ.”

“ನಮ್ಮ ಬಂದೂಕಕ್ಕ ಎಣ್ಣಿ ಹಚ್ಚಾಕ ಪುರಸೊತ್ತಿಲ್ರೀ ಯಜಮಾನ್ರ.”

ಒಳಕೋಣೆಯ ಗೋಡೆಗೆ ಒರಗಿಸಿದ ಕೋವಿಗಳ ಸಾಲು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಎಲ್ಲದರ ಕುತ್ತಿಗೆಗೂ ಒಂದೊಂದು ಚೀಟಿ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹಾಗೆ. ಹಿಂದೆಲ್ಲ ಈ ದಿನಗಳಲ್ಲಿ ಜಗಲಿ ಸಾಲದೆ ಜನ ಎದುರಿನ ಮರದ ಬುಡದಲ್ಲೂ ಕೂರುತ್ತಿದ್ದರು ಎಂದು ಮಾವ ಹೊರಗೆ ಬರುತ್ತಾ ಹೇಳಿದರು. ಬೆಂಚಿನ ಮೇಲಿದ್ದ ಒಂಬತ್ತರಲ್ಲಿ ಐವತ್ತು ದಾಟದವರು ಒಬ್ಬರೂ ಇರಲಿಲ್ಲ.

ಕೇಪಿನ ಕೋವಿಯನ್ನು ಕೈಯಲ್ಲಿ ಹಿಡಿದು ನೋಡದವರಿಗೆ ಅದರ ನಿಧಾನ ಅರ್ಥವಾಗುವುದಿಲ್ಲ. ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಸಲಾಕೆಯಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ನಾರು, ಮತ್ತೆ ಸಲಾಕೆ, ಕೊನೆಗೆ ಕೇಪು. ಇಷ್ಟೂ ಮುಗಿಯುವವರೆಗೆ ಹಂದಿ ಸಂಭಾವಿತನಂತೆ ಕಾಯಬೇಕು. ಮಳೆಗಾಲದಲ್ಲಿ ಮದ್ದು ಹಸಿಯಾದರೆ ‘ಟಸ್’ ಎಂದು ಕೇಪು ಮಾತ್ರ ಸಿಡಿಯುತ್ತದೆ; ಹಂದಿ ತಲೆಯೆತ್ತಿ ನೋಡಿ ಮತ್ತೆ ಬಾಳೆಗಡ್ಡೆಗೆ ಮೂತಿ ಹಾಕುತ್ತದೆ. ಅನುಕೂಲಸ್ಥರ ಮನೆಯಲ್ಲಿ ತೋಟಾ ಕೋವಿ ಇರುತ್ತಿತ್ತು, ಜೋಡಿ ನಳಿಗೆಯದು. ಅದಕ್ಕೆ ಖಡ್ಕಿಯ ಕಾರ್ಖಾನೆಯ ‘ಶಕ್ತಿಮಾನ್’ ತೋಟಾ. ಒಂದೊಂದು ತೋಟಾಕ್ಕೂ ಲೆಕ್ಕ, ವರ್ಷಕ್ಕೆ ಇಷ್ಟೇ ಎಂಬ ಮಿತಿ. ಹಾಗಾಗಿ ತೋಟಾ ಕೋವಿ ಹೆಚ್ಚಿನ ಮನೆಗಳಲ್ಲಿ ಸದ್ದು ಮಾಡಿದ್ದಕ್ಕಿಂತ ಗೋಡೆಗೆ ಕಳೆ ಕೊಟ್ಟಿದ್ದೇ ಹೆಚ್ಚು.

ಗೋಡೆ ಎಂದೆ. ಮಾವನ ಮನೆಯ ಚಾವಡಿಯಲ್ಲಿ ಕೋವಿ ಒರಗುತ್ತಿದ್ದುದು ಎರಡು ಜಿಂಕೆ ಕೊಂಬುಗಳ ಮೇಲೆ. 2003ರಲ್ಲಿ ಇಂಥ ಕೊಂಬು, ಚರ್ಮ ಇದ್ದವರು ಅರಣ್ಯ ಇಲಾಖೆಗೆ ಘೋಷಿಸಿಕೊಳ್ಳಿ ಎಂದು ಕೇಂದ್ರ ಆರು ತಿಂಗಳ ಅವಕಾಶ ಕೊಟ್ಟಿತ್ತು. ಮಾವನಿಗೆ ಆ ಸುದ್ದಿ ತಲುಪುವ ಹೊತ್ತಿಗೆ ಅವಧಿ ಮುಗಿದಿತ್ತು. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕ ತೊಟ್ಟವರನ್ನು ಹಿಡಿಯುವ ಗದ್ದಲ ಎದ್ದು ಟಿವಿಯಲ್ಲಿ ಹಗಲೂ ರಾತ್ರಿ ಅದೇ ಆದಾಗ ಕೊಂಬುಗಳು ಗೋಡೆಯಿಂದ ಇಳಿದವು. ಎಲ್ಲಿಗೆ ಹೋದವು ಎಂದು ನಾನು ಕೇಳಲಿಲ್ಲ. ಈಗ ಅಲ್ಲಿ ಹಲಸಿನ ಮರದ ಎರಡು ಗೂಟಗಳಿವೆ.

ಕೋವಿಯ ಮೇಲೆ ಸರ್ಕಾರದ ಕಣ್ಣು ಇವತ್ತಿನದಲ್ಲ. 1857ರ ದಂಗೆಯ ನಂತರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆಗಳು ಶುರುವಾದವು. 1878ರಲ್ಲಿ ವೈಸರಾಯ್ ಲಿಟ್ಟನ್ ತಂದ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶವನ್ನು ಲೈಸೆನ್ಸಿನ ಅಡಿಗೆ ತಂದಿತು. ಕಾಂಗ್ರೆಸ್ಸಿಗೆ ಇದು ಎಷ್ಟು ಅವಮಾನವೆನಿಸಿತ್ತೆಂದರೆ, 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೊಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆ ಹಳೇ ಮಾತನ್ನು ನೆನಪಿಸಿ, ಸಂವಿಧಾನದಲ್ಲೂ ಸೇರಿಸಿ ಎಂದು ಪಟ್ಟು ಹಿಡಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ. ತಿದ್ದುಪಡಿ ಬಿತ್ತು. ಅಧಿಕಾರ ಇಲ್ಲದಾಗ ಕೇಳಿದ್ದನ್ನು ಅಧಿಕಾರ ಬಂದ ಮೇಲೆ ಮರೆಯುವುದು ಹೊಸ ಸಂಗತಿಯೇನಲ್ಲ, ಆದರೆ ಇಲ್ಲಿ ಅಂಬೇಡ್ಕರ್ ಕಡೆಗೇ ನ್ಯಾಯ ಹೆಚ್ಚಿತ್ತು ಎಂದು ನನ್ನ ಲೆಕ್ಕ. ವಿಭಜನೆಯ ರಕ್ತ ಇನ್ನೂ ಆರಿರದ ದಿನಗಳವು.

ಆಮೇಲೆ ಬಂದ 1959ರ ಕಾಯ್ದೆಯನ್ನು ಓದಿದವರಿಗೆ ಒಂದು ಅಚ್ಚರಿ ಕಾದಿದೆ. ಅದು ರೈತನ ಕೇಪಿನ ಕೋವಿಯನ್ನು ಪಿಸ್ತೂಲಿನ ಸಾಲಿಗೆ ಸೇರಿಸಿಲ್ಲ. ಅದರ 13ನೇ ಕಲಮಿನ ಪ್ರಕಾರ, ನಿಜಕ್ಕೂ ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಕೋವಿ ಬೇಕೆಂದು ಕೇಳಿದ ಪ್ರಜೆಗೆ ಲೈಸೆನ್ಸ್ ಕೊಡತಕ್ಕದ್ದು. ಪಿಸ್ತೂಲಿನಂಥದ್ದಕ್ಕೆ ಮಾತ್ರ ತಕ್ಕ ಕಾರಣ ತೋರಿಸಬೇಕು. ನಿರಾಕರಿಸುವ ಕಾರಣಗಳು ಮುಂದಿನ ಕಲಮಿನಲ್ಲಿ ಇವೆ, ನಿಜ. ಆದರೆ ಕಾನೂನಿನ ಮನಸ್ಸು ರೈತನ ಕಡೆಗಿತ್ತು. ಆ ಮನಸ್ಸು ಕಚೇರಿಯಿಂದ ಕಚೇರಿಗೆ ಇಳಿಯುತ್ತಾ ಇಳಿಯುತ್ತಾ ಪಹಣಿ, ಪೊಲೀಸ್ ವರದಿ, ಅರಣ್ಯ ಇಲಾಖೆಯ ಅಭಿಪ್ರಾಯ, ವೈದ್ಯರ ಸರ್ಟಿಫಿಕೇಟು ಎಂದು ಕವಲೊಡೆದು ಹೋಯಿತು. ಅಭಯಾರಣ್ಯದ ಹತ್ತು ಕಿಲೋಮೀಟರಿನೊಳಗೆ ಊರು ಇದ್ದರೆ ಅದು ಬೇರೆಯೇ ಕಥೆ: ಇದ್ದ ಕೋವಿಯನ್ನು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕು, ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಬೇಕು. ಪಶ್ಚಿಮ ಘಟ್ಟದ ನಕ್ಷೆಯಲ್ಲಿ ಕುದುರೆಮುಖ, ಭದ್ರಾ, ಶರಾವತಿ, ಸೋಮೇಶ್ವರ, ಮೂಕಾಂಬಿಕೆಯ ಸುತ್ತ ಹತ್ತು ಹತ್ತು ಕಿಲೋಮೀಟರಿನ ಗೆರೆ ಎಳೆದು ನೋಡಿ, ಮಲೆನಾಡಿನಲ್ಲಿ ಏನು ಉಳಿಯಿತು ಎಂದು. ಹಂದಿ, ಮಂಗ, ಕಾಡುಕೋಣಗಳ ಕಾಟ ಅತಿ ಹೆಚ್ಚು ಇರುವುದೂ ಆ ಗೆರೆಯ ಒಳಗೇ.

ಆಮೇಲೆ ಕಂಪ್ಯೂಟರು ಬಂತು. ಪ್ರತಿ ಲೈಸೆನ್ಸಿಗೂ ವಿಶಿಷ್ಟ ಗುರುತು ಸಂಖ್ಯೆ. ಆ ಸಂಖ್ಯೆ ಇಲ್ಲದ ಪುಸ್ತಕ ಬರೀ ಪುಸ್ತಕ. 2019ರ ಡಿಸೆಂಬರಿನ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು, ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಕುತ್ತು ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಎಂದಿತು. ಮದುವೆಯಲ್ಲಿ ಗುಂಡು ಹೊಡೆಯುವ ಚಟ ಉತ್ತರದ್ದು. ನಮ್ಮ ಕಡೆ ಮದುವೆಯಲ್ಲಿ ಗರ್ನಾಲು ಸಾಕು.

ಕೊಡಗು ಈ ಲೆಕ್ಕಕ್ಕೆ ಸೇರುವುದಿಲ್ಲ. ಸೆಪ್ಟೆಂಬರ್ 3ರಂದು, ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ಬೆಳಿಗ್ಗೆ ಅಲ್ಲಿನ ಕುಲದ ಮೂಲಮನೆಯಾದ ಐನ್‌ಮನೆಯೊಂದಕ್ಕೆ ಹೋದರೆ, ಒರೆಸಿ ಹೊಳೆಯಿಸಿದ ಕೋವಿಗಳು ದೇವರ ಮುಂದೆ ಮಲಗಿರುತ್ತವೆ. ನಳಿಗೆಯ ಬಾಯಿಗೆ ತೋಕ್ ಪೂ. ತೋಕ್ ಅಂದರೆ ಕೋವಿ. ಕೆಂಪು ಹಳದಿಯ ಬೆಂಕಿಯಂಥ ಆ ಗೌರಿ ಹೂವಿಗೆ ಕೋವಿಯ ಹೆಸರನ್ನೇ ಇಟ್ಟ ಜನ ಅವರು. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಮೊದಲ ಕದಿರು ಕೊಯ್ಯುವಾಗ ಗದ್ದೆಯ ಬದಿಯಲ್ಲೊಂದು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಬಿಟ್ಟ. ಆ ವಿನಾಯಿತಿ ರೂಪ ಬದಲಿಸಿಕೊಂಡು ಇವತ್ತಿನವರೆಗೆ ನಡೆದು ಬಂದಿದೆ: ಕೊಡವರಿಗೆ ಮತ್ತು ವಂಶಪಾರಂಪರ್ಯದ ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸ್ ಬೇಡ. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಇದು ತಾರತಮ್ಯ ಎಂದು ಹೂಡಿದ ದಾವೆಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. ಬ್ರಿಟಿಷರಿಗೆ ನಿಷ್ಠೆ ತೋರಿದ್ದಕ್ಕೆ ಸಿಕ್ಕ ಬಹುಮಾನ ಎಂದು ಕೆಲವರು ಮೂಗು ಮುರಿಯುತ್ತಾರೆ. ಬಹುಮಾನದ ಮೂಲ ಏನೇ ಇರಲಿ, ಕೋವಿ ಅಲ್ಲಿ ಮನೆಯವರ ಪೈಕಿ. ಗಡಿ ದಾಟಿ ಸಕಲೇಶಪುರಕ್ಕೆ ಬಂದರೆ ಅದೇ ಹಂದಿ, ಅದೇ ಆನೆ, ಅದೇ ಕಾಫಿ ಗಿಡ. ಕೋವಿ ಮಾತ್ರ ಅರ್ಜಿದಾರ.

ಕೋವಿ ಜಮಾ ಮಾಡಿದ ರಾತ್ರಿ ನಾನು ಮಾವನ ಮನೆಯಲ್ಲೇ ಉಳಿದೆ. ಹನ್ನೊಂದು ದಾಟಿದ ಮೇಲೆ ಹೊಳೆಬದಿಯ ಬಾಳೆತೋಟದಿಂದ ಗುಟುರು ಕೇಳಿತು. ಮಾವ ಎದ್ದರು. ಅಭ್ಯಾಸಬಲದಿಂದ ಕೈ ಗೂಟದ ಕಡೆ ಹೋಗಿ, ನಿಂತು, ಕೆಳಗಿಳಿದು ಟಾರ್ಚು ಹಿಡಿಯಿತು. ಹಳೇ ಎಣ್ಣೆ ಡಬ್ಬ ಬಡಿಯುತ್ತಾ ನಾವಿಬ್ಬರೂ ಇಳಿದೆವು. ಐದಾರು ಹಂದಿಗಳು, ಜೊತೆಗೆ ಪಟ್ಟೆ ಪಟ್ಟೆಯ ಮರಿಗಳು. ಡಬ್ಬದ ಸದ್ದಿಗೆ ಅವು ಓಡಲಿಲ್ಲ, ನಡೆದುಕೊಂಡು ಹೋದವು. ಅವಸರವಿಲ್ಲದೆ, ಪೇಟೆಯಲ್ಲಿ ಅಂಗಡಿ ಬಾಗಿಲು ಹಾಕುವ ಹೊತ್ತಾಯಿತಲ್ಲ ಎಂದು ಎದ್ದು ಹೋಗುವ ಗಿರಾಕಿಗಳ ಹಾಗೆ. ಟಾರ್ಚಿನ ಬೆಳಕಿನಲ್ಲಿ ನೆಲ ನೇಗಿಲು ಹೊಡೆದಂತೆ ಮಗುಚಿ ಬಿದ್ದಿತ್ತು. ಕಳೆದ ಮಳೆಗಾಲದಲ್ಲಿ ನೆಟ್ಟ ಅಡಿಕೆ ಸಸಿಗಳು ಬೇರು ಮೇಲಾಗಿ ಮಲಗಿದ್ದವು.

“ಕೋವಿ ಇದ್ದಿದ್ರೆ ಹೊಡೀತಿದ್ರಾ ಮಾವ?”

“ಹೊಡೆದ್ರೆ ಫಾರೆಸ್ಟಿನವರು ಬಿಡ್ತಾರಾ ಮಾರಾಯ? ಗಾಳಿಗೆ ಒಂದು ಈಡು. ಅಷ್ಟೇ. ಅದಕ್ಕೂ ಗೊತ್ತು ಆ ಸದ್ದು.”

ಅವರು ಹೇಳಿದ್ದು ಸರಿ. 1972ರ ವನ್ಯಜೀವಿ ಕಾಯ್ದೆಯ ಮೇಲೆ 1991ರ ತಿದ್ದುಪಡಿಯೂ ಬಂದ ಮೇಲೆ ಮಲೆನಾಡಿನ ಕೋವಿಗೆ ಕಾನೂನಿನ ಪ್ರಕಾರ ಹೊಡೆಯಲು ಹೆಚ್ಚೇನೂ ಉಳಿದಿಲ್ಲ. ನವಿಲು ಮೊದಲನೇ ಪರಿಶಿಷ್ಟದಲ್ಲಿದೆ. ನಮ್ಮ ತೋಟದ ಕೆಂಪು ಮೂತಿಯ ಮಂಗವೂ 2022ರ ತಿದ್ದುಪಡಿಯಲ್ಲಿ ಎರಡನೇ ಪರಿಶಿಷ್ಟದಿಂದ ಮೊದಲನೆಯದಕ್ಕೆ ಬಡ್ತಿ ಪಡೆದು ಹುಲಿ, ಆನೆಗಳ ಪಕ್ಕದಲ್ಲಿ ಕೂತಿದೆ. ಎಳನೀರು ಕಿತ್ತು ಕುಡಿದು ಬುರುಡೆಯನ್ನು ನಮ್ಮ ಮೇಲೇ ಎಸೆಯುವ ಪ್ರಾಣಿಗೆ ಹುಲಿಯ ಸಮ ಮರ್ಯಾದೆ. ಹೀಗಾಗಿ ಕೇಪಿನ ಕೋವಿಗೆ ಉಳಿದ ಕೆಲಸ ಸದ್ದು ಮಾಡುವುದು ಒಂದೇ. ಆ ಸದ್ದನ್ನೂ ಚುನಾವಣೆ ಬಂದ ವರ್ಷ ಮುಖ್ಯ ಎರಡು ಮೂರು ತಿಂಗಳು ಠಾಣೆಯಲ್ಲಿ ಕೂಡಿಹಾಕುತ್ತಾರೆ.

ಎಲ್ಲರ ಕೋವಿಯನ್ನೂ ಒಂದೇ ಏಟಿಗೆ ಒಯ್ಯಿರಿ ಎಂದು ಚುನಾವಣಾ ಆಯೋಗ ಹೇಳುವುದಿಲ್ಲ. ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರಬೇಕು, ಲೈಸೆನ್ಸುಗಳನ್ನು ನೋಡಬೇಕು, ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು ಯಾರೆಂದು ಗುರುತಿಸಬೇಕು ಎಂಬುದು ಅದರ ಸೂಚನೆ. ಆದರೆ ಒಬ್ಬೊಬ್ಬರ ಕಡತ ತೆಗೆದು ನೋಡುವುದಕ್ಕಿಂತ ಎಲ್ಲರಿಗೂ ಒಂದೇ ನೋಟಿಸು ಅಚ್ಚು ಹಾಕುವುದು ಸುಲಭ. ಮಾವನಂಥವರು ಅರ್ಜಿ ಕೊಟ್ಟು ವಿನಾಯಿತಿ ಕೇಳಬಹುದು. ಕೇಳಲು ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವಷ್ಟರಲ್ಲಿ ನೋಟಿಸಿನ ಗಡುವು ಮುಗಿದಿರುತ್ತದೆ. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೇ ಆಯಿತು. ನೀತಿಸಂಹಿತೆ ಇಳಿದದ್ದು ಜೂನ್ 6ಕ್ಕೆ. ಶಾಯಿ ಮಾಸಿ, ಉಗುರು ಬೆಳೆದು ಕತ್ತರಿಸಿ ಆದರೂ ಕೋವಿ ಮಾತ್ರ ಇನ್ನೂ ಶಂಕಿತ.

ಇಷ್ಟೆಲ್ಲ ಹೇಳಿದ ಮೇಲೆ ಅತ್ತೆಯ ಮಾತನ್ನೂ ಹೇಳಬೇಕು, ಹೇಳದಿದ್ದರೆ ತಪ್ಪಾಗುತ್ತದೆ. ಬೆಳಿಗ್ಗೆ ಒಲೆಯ ಮುಂದೆ ಕಾಫಿ ಸೋಸುತ್ತಾ ಅವರು ತಾವಾಗಿಯೇ ಅಂದರು: “ಅದು ಠಾಣೆಗೆ ಹೋದ ದಿನ ನಂಗೆ ಸರಿಯಾಗಿ ನಿದ್ದೆ ಬರ್ತದೆ.” ನಲವತ್ತು ವರ್ಷದ ಹಿಂದೆ ಈ ಮನೆ ಹಿಸ್ಸೆಯಾದಾಗ ಅಣ್ಣತಮ್ಮಂದಿರಿಗೆ ಕೆಳಗದ್ದೆಯ ವಿಷಯಕ್ಕೆ ಮಾತು ಬೆಳೆಯಿತಂತೆ. ಚಾವಡಿಯಲ್ಲಿ ಹತ್ತು ಜನರೆದುರು ಮಾವನ ಅಣ್ಣ ಎದ್ದು ಕೊಂಬಿನ ಕಡೆ ಕೈಚಾಚಿದರು. ಅಜ್ಜಿ ಅಡ್ಡ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಅಷ್ಟೇ ನಡೆದದ್ದು. ಕೋವಿಯಲ್ಲಿ ಮದ್ದು ಇತ್ತೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಇಂಥ ಕಥೆ ಮಲೆನಾಡಿನ ಹತ್ತು ಮನೆಗಳಲ್ಲಿ ಒಂದರಲ್ಲಾದರೂ ಇರುತ್ತದೆ, ಕೆಲವೆಡೆ ಅಡ್ಡ ನಿಲ್ಲುವ ಅಜ್ಜಿ ಇರಲಿಲ್ಲ. ಶಿಕಾರಿಗೆ ಹೋದವನ ಮೇಲೆ ಜೊತೆಗಾರನದೇ ಈಡು ಬಿದ್ದ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಲೈಸೆನ್ಸು ಕಟ್ಟುನಿಟ್ಟಾದದ್ದಕ್ಕೆ ನಾನು ಅಳುವುದಿಲ್ಲ. ನನ್ನ ತಕರಾರು ಬೇರೆ: ಆ ಕಟ್ಟುನಿಟ್ಟು ಯಾರ ಬೆನ್ನ ಮೇಲೆ ಬೀಳುತ್ತದೆ ಎಂಬುದು. ಬೆಂಚಿನ ಮೇಲೆ ಕೂತ ಒಂಬತ್ತು ಕೋವಿಗಳ ಜಾತಕ ಸರ್ಕಾರದ ಕಂಪ್ಯೂಟರಿನಲ್ಲಿದೆ. ಗುಡ್ಡದಾಚೆ ಕಮ್ಮಾರನ ಕುಲುಮೆಯಲ್ಲಿ ಹುಟ್ಟಿದ ಕಳ್ಳಕೋವಿಗೆ ನೋಟಿಸೂ ಇಲ್ಲ, ಚೀಟಿಯೂ ಇಲ್ಲ.

ಲೈಸೆನ್ಸ್ ಕೋವಿ ಹಿಂದೆ ಸರಿದ ಜಾಗಕ್ಕೆ ಬಂದಿರುವುದನ್ನು ನೋಡಿದರೆ ಇನ್ನೂ ಸಂಕಟ. ಬೈಕಿನ ಬ್ರೇಕ್ ಕೇಬಲ್ಲಿನಲ್ಲಿ ಬಿಗಿದ ಉರುಳು. ಅದಕ್ಕೆ ಹಂದಿಯೂ ಒಂದೇ, ಚಿರತೆಯೂ ಒಂದೇ, ಸಾಕಿದ ನಾಯಿಯೂ ಒಂದೇ. ತಿಂಡಿಯೊಳಗೆ ಸಿಡಿಮದ್ದು ಅಡಗಿಸಿಡುವುದು. ಮೇಯಲು ಬಿಟ್ಟ ದನದ ದವಡೆ ಹಾರಿಹೋದದ್ದನ್ನು ನಾನೇ ನೋಡಿದ್ದೇನೆ. ಬೇಲಿಗೆ ನೇರ ಕರೆಂಟು. ಕೇಪಿನ ಕೋವಿಯ ಹಿಂದೆ ಕಣ್ಣು ಬಿಟ್ಟು ಕೂತ ಒಬ್ಬ ಮನುಷ್ಯನಾದರೂ ಇರುತ್ತಿದ್ದ.

ಆ ಬೇಸಿಗೆಯಲ್ಲೇ ಕೆಲಸದ ಮೇಲೆ ಪೇಟೆಗೆ ಹೋದಾಗ ಒಂದು ಹಳೆಯ ಬಂದೂಕಿನ ಅಂಗಡಿಗೆ ಹೊಕ್ಕೆ. ಗಾಜಿನ ಬೀರು, ಅದರೊಳಗೆ ಹಸಿರು ಬಣ್ಣದ ಬಟ್ಟೆ, ಅದರ ಮೇಲೆ ಸರಪಳಿ ಹಾಕಿದ ಜೋಡಿ ನಳಿಗೆಗಳು. ಪಕ್ಕದಲ್ಲಿ ಏರ್‌ಗನ್ನು, ಟಾರ್ಚು, ಶಾಲೆಯ ಕ್ರೀಡಾಕೂಟಕ್ಕೆ ಕೊಡುವ ಕಪ್ಪುಗಳು. ವಿದೇಶಿ ಬಂದೂಕಿನ ಆಮದು ನಿಂತು ನಲವತ್ತು ವರ್ಷ ಆಗುತ್ತಾ ಬಂದಿರುವುದರಿಂದ ಇಂಗ್ಲೆಂಡಿನ ಹಳೇ ಕೋವಿಗೆ ಈಗಲೂ ಬೆಲೆಯಿದೆ. ಊರಿನ ಕೇಪಿನ ಕೋವಿಯನ್ನು ಕೇಳುವವರಿಲ್ಲ. “ಕೊಳ್ಳೋಕೆ ಯಾರ್ ಬರ್ತಾರೆ ಸಾರ್? ಅಪ್ಪ ಹೋದ್ರು, ತಗೊಳ್ಳಿ ಅಂತ ತಂದು ಇಡ್ತಾರೆ,” ಎಂದರು ಅಂಗಡಿಯವರು. ನಿಯಮದ ಪ್ರಕಾರ ಅಪ್ಪ ಸಾಯುವವರೆಗೆ ಕಾಯಬೇಕಾಗಿಲ್ಲ. ಅವರಿಗೆ 70 ತುಂಬಿದರೆ ಅಥವಾ ಕೋವಿ ಅವರ ಹೆಸರಿಗೆ ಬಂದು 25 ವರ್ಷವಾದರೆ ಮಕ್ಕಳ ಹೆಸರಿಗೆ ಲೈಸೆನ್ಸ್ ಕೇಳಬಹುದು. ಮಾವನಿಗೆ ಎರಡೂ ಆಗಿದೆ. ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ಹೇಳಿದರೆ ಅವನು ನಕ್ಕು, “ಅಪಾರ್ಟ್‌ಮೆಂಟಲ್ಲಿ ಎಲ್ಲಿ ಇಡ್ಲಿ ಅಪ್ಪಾ, ಶೂ ಸ್ಟ್ಯಾಂಡಲ್ಲಾ?” ಅಂದನಂತೆ.

ಜೂನ್ ಎರಡನೇ ವಾರ. ಮಳೆ ಹಿಡಿದಿತ್ತು. ಠಾಣೆಯ ಅಂಗಳದಲ್ಲಿ ಕೆಂಪು ನೀರು, ಜಗಲಿಯಲ್ಲಿ ಒದ್ದೆ ಕೊಡೆಗಳು. ವಿಜಯಪುರದ ಹುಡುಗ ರಿಜಿಸ್ಟರ್ ತಿರುವಿ, ಸಹಿ ಹಾಕಿಸಿಕೊಂಡು, ಚೀಟಿ ನೋಡಿ ಒಂದೊಂದನ್ನೇ ತಂದು ಕೊಟ್ಟ. ಮಾವನ ಕೋವಿಯ ಕುದುರೆಯ ಸುತ್ತ ಅರಿಶಿನ ಬಳಿದಂತೆ ತುಕ್ಕು. ಅವರು ಏನೂ ಅನ್ನದೆ ಹೆಬ್ಬೆರಳಲ್ಲಿ ಉಜ್ಜಿ ನೋಡಿ, ಪಂಚೆ ಸುತ್ತಿದರು. ಪ್ಯಾಂಟಿನ ಕಾಲಿನ ಚೀಲದವರು ಬಂದಿರಲಿಲ್ಲ. ಮೇ ತಿಂಗಳಲ್ಲಿ ತೀರಿಹೋದರು ಎಂದು ಬೆಂಚಿನಲ್ಲಿ ಯಾರೋ ಅಂದರು. ಅವರ ಕೋವಿ ಒಳಗೆ ಅದೇ ಗೋಡೆಗೆ ಒರಗಿತ್ತು. ಚೀಟಿಯ ಶಾಯಿ ತೇವಕ್ಕೆ ಹರಡಿ ಊರಿನ ಹೆಸರು ಮಾತ್ರ ಓದಲು ಬರುವಂತಿತ್ತು.

ಮಾವ ಆ ಮಳೆಗಾಲದಲ್ಲೇ ನವೀಕರಣದ ಅರ್ಜಿ ಹಾಕಿದರು, ಕಣ್ಣು ಪರೀಕ್ಷೆ, ರಕ್ತದೊತ್ತಡ ಎಲ್ಲ ಮಾಡಿಸಿಕೊಂಡು. ಐದು ವರ್ಷಕ್ಕೆ ಸಿಕ್ಕಿದೆ. ಆ ಐದು ವರ್ಷದೊಳಗೆ ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ನಾಲ್ಕು ಚುನಾವಣೆಗಳು ಬರಬೇಕು.